ಒಂದೇ ಊರಿನ ಹಲವು ಬದುಕುಗಳು: ‘ಮಿಡಲ್‌ಮಾರ್ಚ್’ ಓದಿದವರ ನಿರಾಶೆಯ ಕುರಿತು

ಪ್ರಶ್ನೆ: ಇಂಗ್ಲಿಷಿನ ಶ್ರೇಷ್ಠ ಕಾದಂಬರಿಗಳಲ್ಲಿ ಒಂದೆಂದು ಎಲ್ಲರೂ ಹೊಗಳುವ ಜಾರ್ಜ್ ಎಲಿಯಟ್ ಅವರ ‘ಮಿಡಲ್‌ಮಾರ್ಚ್’ ಅನ್ನು ನಿವೃತ್ತಿಯ ನಂತರದ ಬಿಡುವಿನಲ್ಲಿ ಓದಿ ಮುಗಿಸಿದೆ. ಒಂದು ಊರಿನ ಹಲವರ ಬದುಕುಗಳು ಪರಸ್ಪರ ಹೆಣೆದುಕೊಳ್ಳುವ ಕಥೆಯೆಂಬ ನಿರೀಕ್ಷೆಯಿಂದ ಓದಿದ ನನಗೆ ನಿರಾಶೆಯಾಯಿತು. ಡೊರೊಥಿಯಾಳ ಕಥೆಯಲ್ಲಿ ಮನಸ್ಸು ನೆಟ್ಟಾಗಲೇ ಅವಳನ್ನು ಬಿಟ್ಟು ವೈದ್ಯ ಲಿಡ್‌ಗೇಟನ ಕಥೆ ಆರಂಭವಾಗುತ್ತದೆ. ಇವೆರಡೂ ಬೇರೆ ಬೇರೆ ಪುಸ್ತಕಗಳಂತೆ ಕಾಣುತ್ತವೆ. ಕೊನೆಯ ಭಾಗದಲ್ಲಿ ರಾಫಲ್ಸ್ ಎಂಬ ಕುಡುಕ ಬಂದು ಎಲ್ಲರ ಹಳೆಯ ರಹಸ್ಯಗಳನ್ನು ಒಟ್ಟುಗೂಡಿಸುವುದಂತೂ ಬಲವಂತವೆನಿಸಿತು. ದೋಷ ನನ್ನ ಓದಿನದೋ, ಕೃತಿಯದೋ?
— ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ದೋಷ ನಿಮ್ಮ ಓದಿನದಲ್ಲ. ಆದರೆ ನಿಮ್ಮ ಎರಡು ಆಕ್ಷೇಪಗಳಲ್ಲಿ ಎರಡನೆಯದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಕಾದಂಬರಿಯನ್ನು ಓದದ ವಾಚಕರಿಗಾಗಿ ಎರಡು ಮಾತು. 1871ರ ಡಿಸೆಂಬರಿನಿಂದ 1872ರ ಡಿಸೆಂಬರಿನವರೆಗೆ ಎಂಟು ಭಾಗಗಳಲ್ಲಿ ಪ್ರಕಟವಾದ ಈ ಕೃತಿಯ ಕಥೆ ನಡೆಯುವುದು ಅದಕ್ಕೂ ಸುಮಾರು ನಾಲ್ಕು ದಶಕಗಳ ಹಿಂದೆ, 1829ರಿಂದ 1832ರ ನಡುವೆ, ಇಂಗ್ಲೆಂಡಿನ ಒಳನಾಡಿನ ಒಂದು ಕಲ್ಪಿತ ಪಟ್ಟಣದಲ್ಲಿ. ಇಪ್ಪತ್ತು ತುಂಬದ ಡೊರೊಥಿಯಾ ಬ್ರೂಕ್ ಎಂಬ ಆದರ್ಶವಾದಿ ಹುಡುಗಿ, ಜಗತ್ತಿನ ಪುರಾಣಗಳಿಗೆಲ್ಲ ಮೂಲಸೂತ್ರ ಕಂಡುಹಿಡಿಯುತ್ತೇನೆಂದು ಟಿಪ್ಪಣಿ ಮಾಡುತ್ತಲೇ ಕುಳಿತಿರುವ ಕಸಾಬನ್ ಎಂಬ ನಡುವಯಸ್ಸಿನ ಪಾದ್ರಿಯನ್ನು, ಅವನ ಮಹತ್ಕಾರ್ಯಕ್ಕೆ ನೆರವಾಗುವ ಹಂಬಲದಿಂದ ಮದುವೆಯಾಗಿ ನೋಯುತ್ತಾಳೆ. ಪ್ಯಾರಿಸ್ಸಿನಲ್ಲಿ ಓದಿ ಬಂದ ತರುಣ ವೈದ್ಯ ಲಿಡ್‌ಗೇಟ್ ಹೊಸ ಜ್ವರದ ಆಸ್ಪತ್ರೆಯನ್ನು ನಡೆಸಿ, ಸಂಶೋಧನೆಯಲ್ಲೂ ಹೆಸರು ಮಾಡಬೇಕೆಂದಿರುವಾಗ ರೋಸಮಂಡ್ ವಿನ್ಸಿಯ ಚೆಲುವಿಗೆ ಸೋತು, ಮದುವೆಯಾಗಿ, ಸಾಲದಲ್ಲಿ ಮುಳುಗುತ್ತಾನೆ. ರೋಸಮಂಡಳ ಅಣ್ಣ ಫ್ರೆಡ್, ಅವನು ಪ್ರೀತಿಸುವ ಮೇರಿ ಗಾರ್ಥ್, ಕಸಾಬನ್ನನ ಬಂಧು ವಿಲ್ ಲ್ಯಾಡಿಸ್ಲಾ, ಧರ್ಮನಿಷ್ಠನೆಂದು ಮೆರೆಯುವ ಬ್ಯಾಂಕಿನ ಧಣಿ ಬುಲ್‌ಸ್ಟ್ರೋಡ್ ಇವರೆಲ್ಲ ಇದೇ ಊರಿನ ಸುತ್ತ ಇದ್ದಾರೆ.

ಎರಡು ಪುಸ್ತಕಗಳಂತೆ ಕಾಣುತ್ತವೆ ಎಂದಿರಿ. ಅವು ನಿಜವಾಗಿಯೂ ಎರಡು ಬರಹಗಳಾಗಿಯೇ ಹುಟ್ಟಿದವು. ಗಂಡು ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕಿ ಎಲಿಯಟ್ 1869ರಲ್ಲಿ ಲಿಡ್‌ಗೇಟ್ ಮತ್ತು ವಿನ್ಸಿ ಕುಟುಂಬದ ಕಥೆಯನ್ನು ಬರೆಯತೊಡಗಿ, ಅದು ಮುಂದೆ ಸಾಗದೆ ನಿಂತಾಗ, 1870ರ ಕೊನೆಯಲ್ಲಿ ‘ಮಿಸ್ ಬ್ರೂಕ್’ ಎಂಬ ಬೇರೊಂದು ಕಥೆಯನ್ನು ಹಿಡಿದರು. ಮರುವರ್ಷ ಅವೆರಡನ್ನೂ ಒಂದುಗೂಡಿಸಿದರು. ಹತ್ತನೆಯ ಅಧ್ಯಾಯದ ಔತಣಕೂಟದಲ್ಲಿ ಆ ಬೆಸುಗೆ ಕಣ್ಣಿಗೆ ಬೀಳುವಷ್ಟು ಸ್ಪಷ್ಟವಾಗಿದೆ. ಈ ಚರಿತ್ರೆಯೇನೂ ತಿಳಿಯದೆ ಬರಿಯ ಓದಿನಿಂದ ನೀವು ಅದನ್ನು ಗುರುತಿಸಿದ್ದೀರಿ. ನಿಮಗಿಂತ ಬಹಳ ಹಿಂದೆ, ಇನ್ನೂ ಮೂವತ್ತು ತುಂಬದಿದ್ದ ಅಮೆರಿಕದ ಲೇಖಕ ಹೆನ್ರಿ ಜೇಮ್ಸ್ 1873ರ ತಮ್ಮ ವಿಮರ್ಶೆಯಲ್ಲಿ ಇದೇ ಅಸಮಾಧಾನವನ್ನು ತೋಡಿಕೊಂಡಿದ್ದರು. ಇಂಗ್ಲಿಷಿನ ಅತ್ಯಂತ ಬಲವಾದ ಕಾದಂಬರಿಗಳಲ್ಲೂ ಅತ್ಯಂತ ದುರ್ಬಲವಾದವುಗಳಲ್ಲೂ ಇದು ಒಂದು ಎಂದು ಅವರು ಬರೆದರು. ವಿವರಗಳ ಭಂಡಾರವಾದರೂ ಇಡಿಯಾಗಿ ನೋಡಿದರೆ ಅಷ್ಟಕ್ಕಷ್ಟೆ ಎಂದೂ ಹೇಳಿದರು. ಡೊರೊಥಿಯಾಳೇ ಕೇಂದ್ರವಾಗಿ ಉಳಿಯಬೇಕಿತ್ತೆಂಬುದು ಅವರ ಬಯಕೆಯಾಗಿತ್ತು.

ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲಿಯೇ. ಎರಡು ಕಥೆಗಳ ವ್ಯಕ್ತಿಗಳು ಮೇಲಿಂದ ಮೇಲೆ ಭೇಟಿಯಾಗದಿರುವುದು ಒಂದು ಕೊರತೆಯಲ್ಲ. ಮೊದಲ ಭೇಟಿಯಲ್ಲಿ ಲಿಡ್‌ಗೇಟ್ ಡೊರೊಥಿಯಾಳ ಬಗ್ಗೆ ಯೋಚಿಸುವುದು ಇಷ್ಟೇ: ಒಳ್ಳೆಯ ಹುಡುಗಿ, ಆದರೆ ತುಸು ಹೆಚ್ಚೇ ಗಂಭೀರೆ. ಹೆಣ್ಣೆಂದರೆ ದಣಿದು ಬಂದ ಗಂಡಸಿನ ಮನಸ್ಸಿಗೆ ಹಿತ ನೀಡಬೇಕಾದವಳೆಂಬ ಅವನ ಕಲ್ಪನೆಗೆ ಅವಳು ಹೊಂದುವುದಿಲ್ಲ, ರೋಸಮಂಡ್ ಹೊಂದುತ್ತಾಳೆ. ಅವನ ಬದುಕು ಕೆಡಲು ಮುಂದೆ ಬರುವ ಸಾಲಕ್ಕಿಂತ ಮೊದಲ ಕಾರಣ ಈ ಕ್ಷಣದ ತೀರ್ಪು. ಡೊರೊಥಿಯಾಳೂ ಅದೇ ತಪ್ಪನ್ನು ಇನ್ನೊಂದು ದಿಕ್ಕಿನಿಂದ ಮಾಡಿದ್ದಾಳೆ. ಕಸಾಬನ್ನನ ಟಿಪ್ಪಣಿಗಳ ರಾಶಿಯಲ್ಲಿ ಅವಳು ಮಹಾಪುರುಷನೊಬ್ಬನನ್ನು ಕಲ್ಪಿಸಿಕೊಂಡಳು. ಇಬ್ಬರೂ ಎದುರಿಗಿದ್ದ ಮನುಷ್ಯರನ್ನು ನೋಡದೆ ತಮ್ಮ ಆಸೆಯನ್ನೇ ನೋಡಿದರು. ಹಾಗಾಗಿ ಒಬ್ಬರ ಕಥೆಯನ್ನು ಓದುವಾಗ ಇನ್ನೊಬ್ಬರ ಕಥೆ ನಮ್ಮೊಳಗೆ ನಡೆಯುತ್ತಲೇ ಇರುತ್ತದೆ. ಇಪ್ಪತ್ತೇಳನೆಯ ಅಧ್ಯಾಯದ ಆರಂಭದಲ್ಲಿ ಎಲಿಯಟ್ ಇದನ್ನು ಒಂದು ಚಿತ್ರದಿಂದ ಹೇಳಿದ್ದಾರೆ: ಉಜ್ಜಿ ಉಜ್ಜಿ ದಿಕ್ಕುದಿಕ್ಕಿಗೆ ಗೀರು ಬಿದ್ದ ನಿಲುವುಗನ್ನಡಿಯ ಮುಂದೆ ಒಂದು ಮೇಣದಬತ್ತಿಯನ್ನು ಹಿಡಿದರೆ ಗೀರುಗಳೆಲ್ಲ ಆ ಬೆಳಕಿನ ಸುತ್ತ ವೃತ್ತವಾಗಿ ಜೋಡಿಸಿಕೊಂಡಂತೆ ಕಾಣುತ್ತವೆ, ಗೀರುಗಳು ಘಟನೆಗಳು, ಬತ್ತಿ ಪ್ರತಿಯೊಬ್ಬನ ಸ್ವಾರ್ಥ. ನಮ್ಮ ಕೈಗೆ ಒಂದೇ ಬತ್ತಿಯನ್ನು ಕೊಟ್ಟು ಕುಳ್ಳಿರಿಸಬಾರದೆಂಬ ಹಟದಿಂದಲೇ ಈ ಲೇಖಕಿ ಡೊರೊಥಿಯಾಳನ್ನು ಬಿಟ್ಟು ಲಿಡ್‌ಗೇಟನ ಬಳಿಗೆ, ಅವನನ್ನು ಬಿಟ್ಟು ಫ್ರೆಡ್‌ನ ಬಳಿಗೆ ಹೋಗುತ್ತಾರೆ. ಜೇಮ್ಸ್ ಬಯಸಿದ ಕೇಂದ್ರ ಸಿಕ್ಕಿದ್ದರೆ ಕಾದಂಬರಿ ಹೆಚ್ಚು ಬಿಗಿಯಾಗುತ್ತಿತ್ತು, ನಿಜ. ಆದರೆ ಅದು ಬೇರೆಯೇ ಕೃತಿಯಾಗುತ್ತಿತ್ತು.

ಬದುಕುಗಳು ನಿಜವಾಗಿ ಹೆಣೆದುಕೊಂಡಿರುವ ಜಾಗಗಳು ಅನೇಕವಿದ್ದು, ಅವು ಸದ್ದಿಲ್ಲದೆ ಇರುವುದರಿಂದ ಮೊದಲ ಓದಿನಲ್ಲಿ ದಾಟಿಹೋಗುತ್ತವೆ. ಹದಿನೆಂಟನೆಯ ಅಧ್ಯಾಯದಲ್ಲಿ ಆಸ್ಪತ್ರೆಗೆ ಪಾದ್ರಿಯೊಬ್ಬನನ್ನು ಆರಿಸುವ ಸಭೆ ನಡೆಯುತ್ತದೆ. ಲಿಡ್‌ಗೇಟನ ಸ್ನೇಹಿತ ಫೇರ್‌ಬ್ರದರ್ ಒಬ್ಬ ಅಭ್ಯರ್ಥಿ. ಬುಲ್‌ಸ್ಟ್ರೋಡ್ ಬೆಂಬಲಿಸುವವನು ಇನ್ನೊಬ್ಬ. ಆಸ್ಪತ್ರೆ ನಡೆಯಬೇಕಾದರೆ ಬುಲ್‌ಸ್ಟ್ರೋಡನ ಹಣ ಬೇಕು. ಕೊನೆಯಲ್ಲಿ ಬಂದ ಲಿಡ್‌ಗೇಟ್, ಎಲ್ಲರ ಕಣ್ಣೆದುರಿಗೇ, ತನ್ನ ಮನಸ್ಸಿಗೆ ವಿರುದ್ಧವಾಗಿ ಧಣಿಯ ಕಡೆಗೆ ಮತ ಹಾಕುತ್ತಾನೆ. ಮುಂದೆ ಅವನು ಬುಲ್‌ಸ್ಟ್ರೋಡನಿಂದ ಲಂಚ ಪಡೆದನೆಂದು ಊರು ನಂಬುವಾಗ, ಆ ನಂಬಿಕೆಗೆ ಬೇಕಾದ ನೆಲ ಈ ಒಂದು ಮತದಿಂದಲೇ ಸಿದ್ಧವಾಗಿತ್ತು. ಮೇರಿ ಗಾರ್ಥ್‌ಳದು ಇನ್ನೂ ಸೂಕ್ಷ್ಮ. ಸಾಯುವ ರಾತ್ರಿ, ಫ್ರೆಡ್‌ನ ಬಂಧುವಾದ ಸಿರಿವಂತ ಮುದುಕ ಫೆದರ್‌ಸ್ಟೋನ್ ತನ್ನ ಎರಡು ಉಯಿಲುಗಳಲ್ಲಿ ಒಂದನ್ನು ಸುಡಲು ಪೆಟ್ಟಿಗೆ ತೆರೆಯೆಂದು ಅವಳನ್ನು ಬೇಡುತ್ತಾನೆ. ತನ್ನ ಮೇಲೆ ಅನುಮಾನ ಬರಬಾರದೆಂದು ಅವಳು ನಿರಾಕರಿಸುತ್ತಾಳೆ. ಆ ಪ್ರಾಮಾಣಿಕತೆಯಿಂದಾಗಿ ಅವಳು ಪ್ರೀತಿಸುವ ಫ್ರೆಡ್‌ನ ಕೈಯಿಂದ ಹತ್ತು ಸಾವಿರ ಪೌಂಡು ತಪ್ಪಿಹೋಗುತ್ತದೆ. ಹಣ ತಪ್ಪಿದ್ದರಿಂದಲೇ ಫ್ರೆಡ್ ದುಡಿಯುವುದನ್ನು ಕಲಿತು ಮನುಷ್ಯನಾಗುತ್ತಾನೆ. ಇಲ್ಲೆಲ್ಲ ಒಬ್ಬರು ತೆಗೆದುಕೊಂಡ ನಿರ್ಧಾರ ಇನ್ನೊಬ್ಬರ ಬದುಕಿನ ಮೇಲೆ ಬಂದು ಬೀಳುತ್ತದೆ, ಆ ನಿರ್ಧಾರ ಏಕೆ ಹಾಗಾಯಿತೆಂಬುದು ನಮಗೆ ಪೂರ್ತಿ ಅರ್ಥವಾಗುತ್ತದೆ. ಹೆಣೆದ ಬದುಕುಗಳ ಕಾದಂಬರಿಯಿಂದ ನಾವು ಕೇಳಬೇಕಾದದ್ದು ಇದನ್ನು. ಪಾತ್ರಗಳು ಪರಸ್ಪರ ಎಷ್ಟು ಸಲ ಎದುರಾದವೆಂಬ ಲೆಕ್ಕ ಮುಖ್ಯವಲ್ಲ.

ಈಗ ರಾಫಲ್ಸನ ವಿಷಯ. ಇಲ್ಲಿ ನೀವು ಹೇಳಿದ್ದೇ ಸರಿ. ಫೆದರ್‌ಸ್ಟೋನನ ಆಸ್ತಿ ಪಡೆದ, ಮದುವೆಯಾಚೆ ಹುಟ್ಟಿದ ಮಗ ರಿಗ್; ಆ ರಿಗ್‌ನ ಮಲತಂದೆ ರಾಫಲ್ಸ್; ಆ ರಾಫಲ್ಸ್ ಬುಲ್‌ಸ್ಟ್ರೋಡನ ಹಳೆಯ ಪಾಪಗಳನ್ನು ಬಲ್ಲವನು; ಆ ಪಾಪದಿಂದ ಆಸ್ತಿ ಕಳೆದುಕೊಂಡವಳ ಮಗ ವಿಲ್ ಲ್ಯಾಡಿಸ್ಲಾ; ಆ ವಿಲ್ ತನ್ನ ತಂದೆಯ ಕಡೆಯಿಂದ ಕಸಾಬನ್ನನ ಬಂಧು. ಸಾವಿರಾರು ಮನೆಗಳಿರುವ ದೇಶದಲ್ಲಿ ಈ ಐದು ಸಂಬಂಧಗಳೂ ಒಂದೇ ಊರಿಗೆ ಬಂದು ಸೇರಬೇಕಾಗುತ್ತದೆ. ಇವನ್ನು ಕೂಡಿಸುವ ಕೊಂಡಿಯಂತೂ ಒಂದು ಕಾಗದದ ಚೂರು. ರಾಫಲ್ಸ್ ತನ್ನ ಬ್ರಾಂದಿಯ ಸೀಸೆ ಚರ್ಮದ ಹೊದಿಕೆಯಲ್ಲಿ ಅಲುಗಾಡದಿರಲೆಂದು ಬೆಂಕಿಗೂಡಿನ ಬಳಿ ಬಿದ್ದಿದ್ದ ಕಾಗದವೊಂದನ್ನು ಎತ್ತಿ ಮಡಚಿ ತುರುಕುತ್ತಾನೆ. ಅದರಲ್ಲಿ ಬುಲ್‌ಸ್ಟ್ರೋಡನ ರುಜು ಇರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಆ ನಲವತ್ತೊಂದನೆಯ ಅಧ್ಯಾಯದ ಆರಂಭದಲ್ಲಿಯೇ ಎಲಿಯಟ್, ಎಷ್ಟೋ ತಲೆಮಾರು ಒದೆಸಿಕೊಂಡ ಕಲ್ಲೊಂದು ಕೊನೆಗೆ ವಿದ್ವಾಂಸನ ಕಣ್ಣಿಗೆ ಬಿದ್ದು ಇತಿಹಾಸವನ್ನೇ ತೆರೆಯಬಹುದು, ಹಾಗೆಯೇ ಕಾಗದದ ಚೂರೂ ಕೂಡ ಎಂದು ಸಮರ್ಥನೆಗೆ ನಿಲ್ಲುತ್ತಾರೆ. ಮೇರಿಯ ನಿರಾಕರಣೆಗೆ ಅಥವಾ ಲಿಡ್‌ಗೇಟನ ಮತಕ್ಕೆ ಅವರು ಎಲ್ಲಿಯೂ ಇಂಥ ಸಮರ್ಥನೆ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಈ ಭಾಗದಲ್ಲಿ ಕೃತಕತೆ ಇದೆ, ಉಳಿದ ಬರಹದ ಸಹಜವಾದ ಬಣ್ಣಕ್ಕೆ ಇದು ಹೊಂದುವುದಿಲ್ಲ ಎಂದು ಜೇಮ್ಸ್ ಕೂಡ ಬರೆದಿದ್ದಾರೆ. ಆ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ.

ಆದರೂ ಒಂದು ಮಾತನ್ನು ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಬಲವಂತದ ಆ ಗಂಟಿನಿಂದಲೇ ಹೊರಟ ಎರಡು ಪ್ರಸಂಗಗಳು ಈ ಕಾದಂಬರಿಯ ಅತ್ಯುತ್ತಮ ಪುಟಗಳಲ್ಲಿ ಸೇರಿವೆ. ಗಂಡನ ಅಪಮಾನದ ಸುದ್ದಿ ತಿಳಿದ ಬುಲ್‌ಸ್ಟ್ರೋಡನ ಹೆಂಡತಿ ಹ್ಯಾರಿಯೆಟ್, ಕೋಣೆಯ ಬಾಗಿಲು ಹಾಕಿಕೊಂಡು ಅತ್ತು, ಒಡವೆಗಳನ್ನೆಲ್ಲ ತೆಗೆದಿಟ್ಟು, ಸಾದಾ ಕಪ್ಪು ಉಡುಪು ತೊಟ್ಟು ಕೆಳಗಿಳಿದು ಬಂದು, ತಲೆ ತಗ್ಗಿಸಿ ಕುಳಿತ ಗಂಡನಿಗೆ ತಲೆಯೆತ್ತಿ ನೋಡೆಂದು ಹೇಳುವ ಎಪ್ಪತ್ತನಾಲ್ಕನೆಯ ಅಧ್ಯಾಯ ಒಂದು. ಇನ್ನೊಂದು ಎಂಬತ್ತೊಂದನೆಯದು. ಊರೆಲ್ಲ ಲಿಡ್‌ಗೇಟನನ್ನು ದೂರುವಾಗ ಡೊರೊಥಿಯಾ ಒಬ್ಬಳೇ ನಂಬುತ್ತಾಳೆ. ಅವನ ಪರವಾಗಿ ರೋಸಮಂಡಳೊಡನೆ ಮಾತನಾಡಲು ಹೋಗಿ, ತಾನು ಮನಸ್ಸಿನಲ್ಲೇ ಪ್ರೀತಿಸುತ್ತಿದ್ದ ವಿಲ್‌ನನ್ನು ಅವಳ ಪಕ್ಕದಲ್ಲಿ ಕಾಣುತ್ತಾಳೆ. ರಾತ್ರಿಯೆಲ್ಲ ನೆಲದ ಮೇಲೆ ಬಿದ್ದು ಅತ್ತು, ಬೆಳಗಾಗುತ್ತಲೇ ತನ್ನ ನೋವನ್ನು ಬದಿಗಿಟ್ಟು ಮತ್ತೆ ಅದೇ ಮನೆಗೆ ಹೋಗುತ್ತಾಳೆ. ಇಡೀ ಪುಸ್ತಕದಲ್ಲಿ ತನ್ನನ್ನು ಬಿಟ್ಟು ಇನ್ನೊಬ್ಬರನ್ನು ಯೋಚಿಸದ ರೋಸಮಂಡ್ ಆ ಒಂದು ಬೆಳಿಗ್ಗೆ ನಿಜ ಹೇಳಿಬಿಡುತ್ತಾಳೆ. ಎರಡು ಪ್ರತ್ಯೇಕ ಕಥೆಗಳೆಂದು ನಿಮಗೆ ಅನ್ನಿಸಿದವು ಒಂದಾಗುವುದು ಈ ಕೋಣೆಯಲ್ಲಿ, ಇಬ್ಬರು ಹೆಂಗಸರ ನಡುವೆ. ಆ ಒಂದು ಅಧ್ಯಾಯವನ್ನಾದರೂ ನೀವು ಇನ್ನೊಮ್ಮೆ ಓದಬೇಕೆಂಬುದು ನನ್ನ ಕೋರಿಕೆ. ನಿಮ್ಮ ನಿರಾಶೆ ಪೂರ್ತಿ ಹೋಗಲಾರದು, ಹೋಗಬೇಕಾಗಿಯೂ ಇಲ್ಲ.

ಪ್ರಶ್ನೆ: ಆಕಸ್ಮಿಕಗಳು ನಿಜಜೀವನದಲ್ಲೂ ಇವೆಯಲ್ಲ? ಕಾದಂಬರಿಯಲ್ಲಿ ಬಂದಾಗ ಮಾತ್ರ ವಿಮರ್ಶಕರು ಅದನ್ನು ದೋಷವೆಂದು ಏಕೆ ಎಣಿಸುತ್ತಾರೆ?
— ಎಂ.ಎ. ವಿದ್ಯಾರ್ಥಿ, ಧಾರವಾಡ

ಉತ್ತರ: ಆಕಸ್ಮಿಕವೇ ದೋಷವಲ್ಲ. ಅದನ್ನು ಯಾವ ಕೆಲಸಕ್ಕೆ ಹಚ್ಚಿದ್ದಾರೆಂಬುದರ ಮೇಲೆ ಎಲ್ಲವೂ ನಿಂತಿದೆ. ಥಾರ್ನ್‌ಟನ್ ವೈಲ್ಡರ್ ಅವರ 1927ರ ಪುಟ್ಟ ಕಾದಂಬರಿ ‘ದಿ ಬ್ರಿಜ್ ಆಫ್ ಸ್ಯಾನ್ ಲೂಯಿ ರೇ’ ಆರಂಭವಾಗುವುದೇ ಒಂದು ಆಕಸ್ಮಿಕದಿಂದ: 1714ರ ಜುಲೈ 20ರಂದು ಪೆರುವಿನಲ್ಲಿ ಹಗ್ಗದ ಸೇತುವೆಯೊಂದು ಕಡಿದು ಐವರು ಕಮರಿಗೆ ಬೀಳುತ್ತಾರೆ. ಇವರೇ ಏಕೆ ಎಂದು ತಿಳಿಯಲು ಒಬ್ಬ ಕ್ರೈಸ್ತ ಸನ್ಯಾಸಿ ಐವರ ಬದುಕುಗಳನ್ನೂ ಕೆದಕುತ್ತಾನೆ. ಆಕಸ್ಮಿಕವನ್ನು ಲೇಖಕರು ಮೊದಲ ವಾಕ್ಯದಲ್ಲಿಯೇ ಓದುಗರ ಮುಂದಿಟ್ಟು ಅದನ್ನೇ ಪ್ರಶ್ನೆಯಾಗಿಸಿದ್ದಾರೆ. ರಾಫಲ್ಸನ ಕಾಗದವಾದರೋ ಕಥೆ ಸಾಗಲು ದಾರಿ ಕಾಣದ ಕಡೆ ಉತ್ತರವಾಗಿ ಬರುತ್ತದೆ. ಪ್ರಶ್ನೆಯಾಗಿ ಬಂದ ಆಕಸ್ಮಿಕವನ್ನು ನಾವು ಕೊನೆಯವರೆಗೆ ಹೊತ್ತು ನಡೆಯುತ್ತೇವೆ. ಉತ್ತರವಾಗಿ ಬಂದದ್ದನ್ನು ನಂಬಲು ಹಿಂಜರಿಯುತ್ತೇವೆ.

ಡಿಕನ್ಸ್‌ರ ‘ಬ್ಲೀಕ್ ಹೌಸ್’ ಇನ್ನೊಂದು ದಾರಿ ತೋರಿಸುತ್ತದೆ. ಲಿಂಕನ್‌ಶೈರಿನ ಶ್ರೀಮಂತರ ಮಹಲಿಗೂ ಲಂಡನ್ನಿನ ಬೀದಿ ಗುಡಿಸುವ ಅನಾಥ ಹುಡುಗ ಜೋನಿಗೂ ಏನು ಸಂಬಂಧವಿದ್ದೀತು ಎಂದು ಅವರು ನಡುವೆ ನಿಂತು ಕೇಳುತ್ತಾರೆ. ಕಥೆಯಲ್ಲಿ ಗುಟ್ಟುಗಳೂ ಕಾಗದಪತ್ರಗಳೂ ಬೇಕಾದಷ್ಟಿವೆ, ಅವುಗಳಲ್ಲಿ ಕೆಲವು ರಾಫಲ್ಸನ ಕಾಗದಕ್ಕಿಂತ ಉತ್ತಮವೇನಲ್ಲ. ಆದರೆ ಮನಸ್ಸಿನಲ್ಲಿ ಉಳಿಯುವ ಕೊಂಡಿ ರೋಗ. ಕೊಳೆಗೇರಿಯ ಜೋನ ಮೈಯಿಂದ ಜ್ವರ ಅವನನ್ನು ಉಪಚರಿಸಿದ ಹುಡುಗಿಗೆ, ಅವಳಿಂದ ಕಥಾನಾಯಕಿ ಎಸ್ತರಳಿಗೆ ದಾಟಿ ಅವಳ ಮುಖವನ್ನೇ ಕೆಡಿಸುತ್ತದೆ. ಕೊಳೆಗೇರಿಯನ್ನು ಕೊಳೆಯಲು ಬಿಟ್ಟ ಸಮಾಜವೇ ಆ ರೋಗಕ್ಕೆ ಕಾರಣವಾದ್ದರಿಂದ ಅಲ್ಲಿ ಲೇಖಕರ ಕೈವಾಡ ಕಾಣುವುದಿಲ್ಲ.

ಈ ವಿಷಯದಲ್ಲಿ ಕನ್ನಡದ ಓದುಗರಿಗೆ ಇನ್ನೂ ಹಳೆಯ ಪರಿಚಯವಿದೆ. ಜನ್ನನ ‘ಯಶೋಧರ ಚರಿತೆ’ಯನ್ನು ನೆನೆಯಿರಿ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯಿಂದ ಯಶೋಧರನೂ ಅವನ ತಾಯಿ ಚಂದ್ರಮತಿಯೂ ನವಿಲು ಮತ್ತು ನಾಯಿಯಾಗಿ ಹುಟ್ಟಿ, ತಮ್ಮ ಕುಡಿ ಯಶೋಮತಿಯ ಅರಮನೆಗೇ ಬಂದು ಸೇರುತ್ತಾರೆ. ನಾಯಿಯೇ ನವಿಲನ್ನು ಕೊಲ್ಲುತ್ತದೆ. ಹಲವು ಜನ್ಮಗಳನ್ನು ತೊಳಲಿ ಕೊನೆಗೆ ಯಶೋಮತಿಯ ಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಹುಟ್ಟುತ್ತಾರೆ. ಸಂಭವನೀಯತೆಯ ದೃಷ್ಟಿಯಿಂದ ಇದರ ಮುಂದೆ ರಾಫಲ್ಸನ ಕಾಗದ ಏನೂ ಅಲ್ಲ. ಆದರೂ ಅದು ಬಲವಂತವೆನಿಸುವುದಿಲ್ಲ, ಏಕೆಂದರೆ ಪ್ರತಿಯೊಂದು ಜನ್ಮವೂ ಹಿಂದೆ ಮಾಡಿದ ಒಂದು ಕೃತ್ಯಕ್ಕೆ ಹೊಣೆಗಾರನಾಗಿ ಬರುತ್ತದೆ, ಆ ನಿಯಮವನ್ನು ಕವಿ ಎಲ್ಲಿಯೂ ಸಡಿಲಿಸುವುದಿಲ್ಲ. ನಂಬಿಕೆ ಇರಲಿ ಬಿಡಲಿ, ಕಾವ್ಯದೊಳಗಿನ ನ್ಯಾಯ ಗಟ್ಟಿಯಾಗಿದೆ. ಎಲಿಯಟ್ ತಮ್ಮ ಕೃತಿಯಲ್ಲಿ ಇಟ್ಟುಕೊಂಡ ನಿಯಮವೆಂದರೆ ಮನುಷ್ಯಸ್ವಭಾವದಿಂದಲೇ ಎಲ್ಲವೂ ಹುಟ್ಟಬೇಕೆಂಬುದು. ಬುಲ್‌ಸ್ಟ್ರೋಡನ ರಹಸ್ಯವನ್ನು ಬಯಲಿಗೆ ತರುವಲ್ಲಿ ಅವರು ಅದನ್ನು ಮೀರಿದರು. ನನ್ನ ಆಕ್ಷೇಪ ಅದಕ್ಕೆ.

ಪ್ರಶ್ನೆ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೂಡ ಇದೇ ಬಗೆಯದಲ್ಲವೇ? ಅದನ್ನೂ ಹಲವರು ಅರ್ಧಕ್ಕೆ ಬಿಟ್ಟಿದ್ದನ್ನು ಕಂಡಿದ್ದೇನೆ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬಿಡಲು ಕಾರಣ ಹೆಚ್ಚು ಕಡಿಮೆ ಒಂದೇ: ಯಾರನ್ನು ಹಿಡಿದು ನಡೆಯಬೇಕೆಂದು ತಿಳಿಯುವುದಿಲ್ಲ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಹೂವಯ್ಯನ ಕೈ ಹಿಡಿದರೆ ಸಾಕು, ಊರೆಲ್ಲ ಸುತ್ತಿ ಬರಬಹುದು. 1967ರ ಕಾದಂಬರಿಯಲ್ಲಿ ಕುವೆಂಪು ಆ ಆಸರೆಯನ್ನು ಬೇಕೆಂದೇ ತೆಗೆದಿದ್ದಾರೆ. ‘ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ’ ಎಂದು ಪುಸ್ತಕದ ಬಾಗಿಲಲ್ಲೇ ಬರೆದು, ಆ ಮಾತಿಗೆ ಕೊನೆಯವರೆಗೆ ಬದ್ಧರಾಗಿ ಉಳಿದಿದ್ದಾರೆ. ಸಿಂಬಾವಿ ಹೆಗ್ಗಡೆಯ ಆಳು ಗುತ್ತಿ, ಅವನ ನಾಯಿ ಹುಲಿಯ, ಘಟ್ಟದ ಕೆಳಗಿನಿಂದ ಬಂದ ಐತ ಪೀಂಚಲು, ಹೆಗ್ಗಡೆಗಳು, ಭಟ್ಟರು ಇವರೆಲ್ಲರಿಗೂ ಸಿಗುವ ಗಮನದ ಗುಣ ಒಂದೇ.

‘ಮಿಡಲ್‌ಮಾರ್ಚ್’ಗೆ ಹೋಲಿಸಿದರೆ ಇಲ್ಲಿ ಬದುಕುಗಳ ಕೊಂಡಿ ಹೆಚ್ಚು ಸಹಜವಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಲೆನಾಡಿನ ಚದುರಿದ ಮನೆಗಳ ನಡುವೆ ಸುದ್ದಿ ಹೋಗಬೇಕಾದರೆ ಯಾರಾದರೂ ಕಾಡುದಾರಿಯಲ್ಲಿ ನಡೆದೇ ಹೋಗಬೇಕು. ಗುತ್ತಿ ನಡೆಯುತ್ತಾನೆ, ಅವನು ನಡೆದಂತೆ ಮನೆಮನೆಗಳ ಸಾಲ, ಹಗೆತನ, ಹೆಣ್ಣುಕೊಡುವ ಮಾತು, ಜೀತದ ಕಟ್ಟು ಎಲ್ಲವೂ ತಾವಾಗಿ ತೆರೆದುಕೊಳ್ಳುತ್ತವೆ. ತನಗೆ ಬೇಡವಾದ ಮದುವೆಯಿಂದ ತಪ್ಪಿಸಿಕೊಂಡು ಚಿನ್ನಮ್ಮ ಕಾಡು ಹತ್ತುವಾಗ ಅವಳಿಗೆ ಆಸರೆಯಾಗುವವಳು ಪೀಂಚಲು. ಒಡೆಯರ ಮನೆಯ ಹುಡುಗಿ ಆಳಿನ ಹೆಣ್ಣೊಬ್ಬಳ ಧೈರ್ಯವನ್ನು ನೆಚ್ಚಿ ತನ್ನ ಬದುಕನ್ನು ಉಳಿಸಿಕೊಳ್ಳುತ್ತಾಳೆ. ಹಗಲಿನಲ್ಲಿ ಜಗಲಿಯ ಮೇಲೆ ಒಬ್ಬಳು, ಅಂಗಳದಲ್ಲಿ ಒಬ್ಬಳು ಇರಬೇಕಾದ ಆ ವ್ಯವಸ್ಥೆ ಕಾಡಿನೊಳಗೆ ಕಳಚಿಬೀಳುವುದನ್ನು ಕುವೆಂಪು ಒಂದು ಮಾತಿನ ವ್ಯಾಖ್ಯಾನವೂ ಇಲ್ಲದೆ ತೋರಿಸುತ್ತಾರೆ. ಎಲಿಯಟ್ ಅಂಥ ಕಡೆ ಒಂದು ಪುಟದ ವಿಚಾರವನ್ನು ಬರೆಯದೆ ಮುಂದೆ ಹೋಗುತ್ತಿರಲಿಲ್ಲ. ಆ ವಿಚಾರಗಳು ಎಷ್ಟೇ ಆಳವಾಗಿದ್ದರೂ, ಓದುಗರು ದಣಿಯಲು ಅವೂ ಒಂದು ಕಾರಣವೆಂದು ಒಪ್ಪಬೇಕು.

ಇನ್ನೊಂದು ವ್ಯತ್ಯಾಸ ಮಾತಿನದು. ಗುತ್ತಿಯ ಮಾತು, ಪೀಂಚಲುವಿನ ಮಾತು, ಮಂಜಭಟ್ಟರ ಮಾತು ಒಂದರಂತೆ ಒಂದಿಲ್ಲ. ಯಾರು ಮಾತನಾಡಿದರೆಂದು ಬರೆಯದಿದ್ದರೂ ಗೊತ್ತಾಗುತ್ತದೆ. ಹಲವು ಪಾತ್ರಗಳ ಕಾದಂಬರಿಯಲ್ಲಿ ಇದು ಅಲಂಕಾರವಲ್ಲ, ಆಧಾರ.

ಪ್ರಶ್ನೆ: ಪರಿಚಯವಿಲ್ಲದ ಐದು ಜನರ ಬದುಕುಗಳು ಕೊನೆಯ ಅಧ್ಯಾಯದಲ್ಲಿ ಒಂದು ಆಸ್ಪತ್ರೆಯಲ್ಲಿ ಸಂಧಿಸುವ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಓದಿದವರಿಗೆ ನಿರಾಶೆಯಾಗದಂತೆ ಏನು ಎಚ್ಚರ ವಹಿಸಬೇಕು?
— ಹೊಸ ಬರಹಗಾರ್ತಿ, ಬೆಂಗಳೂರು

ಉತ್ತರ: ಆಸ್ಪತ್ರೆಯ ಅಧ್ಯಾಯವನ್ನು ಪಕ್ಕಕ್ಕಿಟ್ಟು ಉಳಿದ ಹಸ್ತಪ್ರತಿಯನ್ನು ಮಾತ್ರ ಓದಿ ನೋಡಿ. ಐದು ಕಥೆಗಳೂ ಯಾವ ನಷ್ಟವೂ ಇಲ್ಲದೆ ಹಾಗೆಯೇ ನಿಲ್ಲುವುದಾದರೆ ಅವು ಐದು ಬೇರೆ ಕಥೆಗಳು. ಅವುಗಳನ್ನು ಕಥಾಸಂಕಲನವಾಗಿ ಪ್ರಕಟಿಸುವುದರಲ್ಲಿ ಯಾವ ಕೀಳೂ ಇಲ್ಲ. ಸಂಧಿಸುವ ಜಾಗವನ್ನು ಕೊನೆಯಲ್ಲಿ ಇಟ್ಟಿರುವುದೇ ನನಗೆ ಅಳುಕು ತರುತ್ತಿದೆ. ಅಲ್ಲಿ ಭೇಟಿಯಾದ ಮೇಲೆ ಆ ಐವರು ಏನಾದರೆಂಬುದನ್ನು ತೋರಿಸಲು ನಿಮಗೆ ಪುಟಗಳೇ ಉಳಿಯುವುದಿಲ್ಲ. ಭೇಟಿಯನ್ನು ಪುಸ್ತಕದ ನಡುವಿಗೆ, ಸಾಧ್ಯವಾದರೆ ಇನ್ನೂ ಮುಂಚೆಗೆ ತನ್ನಿ. ಒಬ್ಬರ ಯಾವ ನಿರ್ಧಾರ ಇನ್ನೊಬ್ಬರಿಗೆ ಬೆಲೆಯಾಗಿ ಬಿತ್ತೆಂಬುದನ್ನು ನಂತರದ ಅರ್ಧ ಭಾಗ ಹೇಳಲಿ.

ಜೊತೆಗೆ, ಒಂದು ಪಾತ್ರದಿಂದ ಇನ್ನೊಂದಕ್ಕೆ ಹಾರುವ ಮೊದಲು ಓದುಗರು ಆ ಪಾತ್ರದೊಡನೆ ಸಾಕಷ್ಟು ಕಾಲ ಕಳೆದಿರಬೇಕು. ಅಧ್ಯಾಯಕ್ಕೊಬ್ಬರಂತೆ ಸರದಿ ಹಚ್ಚುವುದು ನೋಡಲು ಅಚ್ಚುಕಟ್ಟು. ಆದರೆ ಒಬ್ಬರಿಗೆ ಎಂಬತ್ತು ಪುಟ, ಇನ್ನೊಬ್ಬರಿಗೆ ಹದಿನೈದು ಪುಟ ಬೇಕಾಗಬಹುದು, ಆ ಅಸಮತೆಗೆ ಹೆದರಬೇಡಿ. ದೊಡ್ಡ ಗಾತ್ರವೂ ಅನಿವಾರ್ಯವಲ್ಲ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಬಹಳ ಚಿಕ್ಕ ಪುಸ್ತಕ. ಅದರಲ್ಲಿ ಮಂಚವೂ ಕಥೆ ಹೇಳುತ್ತದೆ, ದೀಪದ ಜೋತಮ್ಮಗಳೂ ಕೂಡಿ ಮಾತನಾಡುತ್ತವೆ. ಆದರೂ ಒಬ್ಬ ತರುಣನ ಕೊಲೆ ಎಷ್ಟು ಮನೆಗಳ ಒಳಗಿನಿಂದ ಹಾದುಹೋಗುತ್ತದೆಂಬುದು ಒಂದು ಕ್ಷಣವೂ ಮರೆಯಾಗುವುದಿಲ್ಲ. ನಿಮ್ಮ ಹಸ್ತಪ್ರತಿಯನ್ನು ತಿದ್ದುವ ಮೊದಲು ಅದನ್ನು ಓದಿರಿ. ಈಗಾಗಲೇ ಓದಿದ್ದರೆ ಗಟ್ಟಿಯಾಗಿ ಓದಿರಿ.

ಪ್ರಶ್ನೆ: ‘ಮಿಡಲ್‌ಮಾರ್ಚ್’ ಅನ್ನು ಎರಡು ಸಲ ಆರಂಭಿಸಿ ಬಿಟ್ಟಿದ್ದೇನೆ. ಓದಲು ಬೇರೆ ಕ್ರಮವೇನಾದರೂ ಇದೆಯೇ?
— ಗೃಹಿಣಿ, ಮಂಗಳೂರು

ಉತ್ತರ: ಅದರ ಮೊದಲ ಓದುಗರು ಓದಿದ ಕ್ರಮವನ್ನೇ ಹಿಡಿಯಿರಿ. ಅವರ ಕೈಗೆ ಮೊದಮೊದಲು ಎರಡು ತಿಂಗಳಿಗೊಂದು ಭಾಗ ಬರುತ್ತಿತ್ತು. ಕೊನೆಯ ಎರಡು ಭಾಗಗಳು ಮಾತ್ರ ತಿಂಗಳಿಗೊಂದರಂತೆ ಬಂದವು. ಇಂದಿನ ಮುದ್ರಣಗಳಲ್ಲೂ ಆ ಎಂಟು ಭಾಗಗಳ ಹೆಸರುಗಳು ಹಾಗೆಯೇ ಇರುತ್ತವೆ. ಒಂದು ಭಾಗ ಮುಗಿದ ಮೇಲೆ ಪುಸ್ತಕವನ್ನು ಮುಚ್ಚಿಟ್ಟು, ಕೆಲವು ದಿನ ಬೇರೆ ಕೆಲಸ ನೋಡಿ. ಡೊರೊಥಿಯಾಳನ್ನು ಬಿಟ್ಟು ಕಥೆ ಬೇರೆಡೆಗೆ ಹೊರಳುವಾಗ ಆಗುವ ಕಿರಿಕಿರಿ ಆ ಬಿಡುವಿನಲ್ಲಿ ಬಹುಮಟ್ಟಿಗೆ ಕರಗುತ್ತದೆ. ಅವಳು ಏನು ಮಾಡುತ್ತಿರಬಹುದೆಂಬ ಕುತೂಹಲ ಮಾತ್ರ ಉಳಿಯುತ್ತದೆ. ಹತ್ತನೆಯ ಅಧ್ಯಾಯದ ಔತಣಕೂಟದಲ್ಲಿ ಒಮ್ಮೆಲೇ ಎದುರಾಗುವ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪುಟದ ನಡುವೆ ಇಟ್ಟುಕೊಳ್ಳಿ. ಮೂರನೆಯ ಭಾಗದ ಕೊನೆಯಲ್ಲಿ, ಮುದುಕ ಫೆದರ್‌ಸ್ಟೋನನ ಸಾವಿನ ರಾತ್ರಿಯವರೆಗೆ ಬಂದೂ ಮನಸ್ಸು ಹತ್ತದಿದ್ದರೆ ನಿಶ್ಚಿಂತೆಯಿಂದ ಬಿಟ್ಟುಬಿಡಿ.